50 ಲಕ್ಸ್ ಬೆಳಕಿನಲ್ಲಿ

18 ಜನವರಿ 2026, ಭಾನುವಾರ

ಜಪಾನಿನ ಮರದಚ್ಚು ಚಿತ್ರಗಳ ಪ್ರದರ್ಶನ ಇನ್ನೊಂದು ವಾರದಲ್ಲಿ ಮುಗಿಯುತ್ತದೆಂಬುದು ನೆನಪಾಗಿ, ಇಂದು ಬಾಗಿಲು ತೆರೆಯುವ ಹೊತ್ತಿಗೇ ವಸ್ತುಸಂಗ್ರಹಾಲಯವನ್ನು ತಲುಪಿದೆ. ಕೋಣೆ ಎಷ್ಟು ಮಬ್ಬಾಗಿತ್ತೆಂದರೆ ಗೋಡೆಯ ಮೇಲಿನ ವಿವರಣೆಯನ್ನು ಓದಲು ಕಣ್ಣಿಗೆ ಎರಡು ಮೂರು ನಿಮಿಷ ಹಿಡಿಯಿತು. ದೀಪ ಕೆಟ್ಟಿರಬೇಕೆಂದು ನನ್ನ ಹಿಂದಿದ್ದವರೊಬ್ಬರು ಗೊಣಗಿದರು. ದೀಪವೇನೂ ಕೆಟ್ಟಿರಲಿಲ್ಲ. ಕಾಗದದ ಮೇಲಿನ ಕೃತಿಗಳಿಗೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ತಾಗದಂತೆ ನೋಡಿಕೊಳ್ಳುವುದು ಸಂಗ್ರಹಾಲಯಗಳ ವಾಡಿಕೆ. ಬೆಳಕಿನಿಂದಾಗುವ ಹಾನಿ ದಿನೇ ದಿನೇ ಕೂಡುತ್ತಲೇ ಹೋಗುತ್ತದೆ. ಒಮ್ಮೆ ಮಾಸಿದ ಬಣ್ಣ, ಚಿತ್ರವನ್ನು ಎಷ್ಟು ಕಾಲ ಕತ್ತಲೆಯಲ್ಲಿಟ್ಟರೂ ಮರಳಿ ಬರುವುದಿಲ್ಲ. ಆದ್ದರಿಂದಲೇ ಇಂಥವನ್ನು ಕೆಲವು ತಿಂಗಳು ತೋರಿಸಿ, ಬಳಿಕ ವರ್ಷಗಟ್ಟಲೆ ಪೆಟ್ಟಿಗೆಯೊಳಗೆ ಇಡುತ್ತಾರೆ.

ಜಪಾನಿನ ಚಿತ್ರಕಾರ ಹೊಕುಸಾಯ್‌ಯ ಹೆಸರಾಂತ ಅಲೆಯ ಎದುರು ಬಹಳ ಹೊತ್ತು ನಿಂತೆ. 1831ರ ಸುಮಾರಿಗೆ ಅಚ್ಚಾದ ಈ ಚಿತ್ರವನ್ನು ಚೀಲಗಳ ಮೇಲೂ ಪೋಸ್ಟರುಗಳ ಮೇಲೂ ಕಂಡು ಕಂಡು, ಅದು ಗೋಡೆಯಗಲದ ಕೃತಿಯೆಂದೇ ಭಾವಿಸಿದ್ದೆ. ನಿಜದಲ್ಲಿ ಅದರ ಎತ್ತರ ಸುಮಾರು 25 ಸೆಂಟಿಮೀಟರ್. ಬಾಗಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದವರು ಮೂರು ದೋಣಿಗಳಲ್ಲಿ ತಲೆ ತಗ್ಗಿಸಿ ಕುಳಿತ ಹುಟ್ಟುಗಾರರು. ಫ್ಯೂಜಿ ಪರ್ವತವಂತೂ ದೂರದ ಇನ್ನೊಂದು ಅಲೆಯೋ ಎಂಬಷ್ಟು ಚಿಕ್ಕದಾಗಿತ್ತು. ಎಡ ಮೇಲ್ಭಾಗದಲ್ಲಿ ಶೀರ್ಷಿಕೆಯ ಸುತ್ತಲಿನ ಚೌಕಟ್ಟಿನ ಗೆರೆ ಅಲ್ಲಲ್ಲಿ ತುಂಡಾಗಿತ್ತು. ಅಚ್ಚಿನ ಹಲಗೆ ಸವೆದ ಮೇಲೆ ತೆಗೆದ ಪ್ರತಿಯನ್ನು ಗುರುತಿಸುವುದು ಇಂಥ ಗೆರೆಗಳಿಂದಲೇ. ಮೊದಲ ಪ್ರತಿಗಳ ಆಕಾಶದಲ್ಲಿದ್ದ ನಸುಗೆಂಪು ಈ ಪ್ರತಿಯಲ್ಲಿ ಉಳಿದಿರಲಿಲ್ಲ, ಆದರೆ ಪ್ರಷ್ಯನ್ ನೀಲಿ ಎಂಬ ಗಾಢ ನೀಲಿ ಬಣ್ಣ ಮಾತ್ರ ಗಟ್ಟಿಯಾಗಿ ನಿಂತಿತ್ತು.

ನೋಡಲೇಬೇಕಾದ ಪ್ರದರ್ಶನಗಳೆಂದು ಪತ್ರಿಕೆಗಳು ಪಟ್ಟಿ ಕೊಡುವಾಗ ಹೆಸರಿನ ದೊಡ್ಡಸ್ತಿಕೆಯನ್ನೇ ಅಳೆಯುತ್ತವೆ. ನಾನು ಈಗ ಮೊದಲು ಕೇಳಿಕೊಳ್ಳುವುದು ಇದು ಮತ್ತೆ ಯಾವಾಗ ಹೊರಬರುತ್ತದೆ ಎಂಬುದನ್ನು. ಸ್ಕಾಟ್ಲೆಂಡಿನ ಎಡಿನ್‌ಬರೋದ ರಾಷ್ಟ್ರೀಯ ಗ್ಯಾಲರಿಗೆ ಹೆನ್ರಿ ವಾನ್ ಎಂಬ ಸಂಗ್ರಾಹಕರ ಉಯಿಲಿನ ಮೂಲಕ 1900ರಲ್ಲಿ ಬಂದ ಇಂಗ್ಲೆಂಡಿನ ಚಿತ್ರಕಾರ ಟರ್ನರನ 38 ಜಲವರ್ಣ ಚಿತ್ರಗಳನ್ನು, ಅವರ ಷರತ್ತಿನಂತೆ, ಬೆಳಕು ಕ್ಷೀಣವಾಗಿರುವ ಜನವರಿಯಲ್ಲಿ ಮಾತ್ರ, ಉಚಿತವಾಗಿ ತೋರಿಸುತ್ತಾರೆ. ಆ ಬಣ್ಣಗಳು ಇಂದಿಗೂ ಉಳಿದಿರುವುದರಲ್ಲಿ ಈ ಹಟದ ಪಾಲೂ ಇದೆ. ಬೇರೆ ಸಂಗ್ರಹಾಲಯಗಳಿಂದ ಎರವಲು ತಂದು ನಡೆಸುವ ಪ್ರದರ್ಶನಗಳದ್ದೂ ಇಂಥದೇ ಕಥೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಡಚ್ ಚಿತ್ರಕಾರ ವರ್ಮೀರನ 28 ಚಿತ್ರಗಳನ್ನು ಒಟ್ಟುಗೂಡಿಸಿತ್ತು. ಅವನದೆಂದು ಉಳಿದಿರುವುದೇ ಸುಮಾರು 37. ನಾಳೆ ನೋಡೋಣವೆಂದು ನಾನು ತಡಮಾಡುವಷ್ಟರಲ್ಲಿ ಟಿಕೆಟುಗಳೆಲ್ಲ ಮುಗಿದುಹೋಗಿದ್ದವು. ಈ ವರ್ಷ ಸೆಪ್ಟೆಂಬರಿನಿಂದ ಸುಮಾರು 70 ಮೀಟರ್ ಉದ್ದದ ಬಾಯೂ ಕಸೂತಿ ಪಟ (ಫ್ರಾನ್ಸಿನ ಬಾಯೂ ಊರಿನಲ್ಲಿರುವ ಮಧ್ಯಯುಗದ ಕಸೂತಿ) ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬರಲಿದೆಯೆಂದು ಘೋಷಣೆಯಾಗಿದೆ. ಈ ಬಾರಿ ಆ ತಪ್ಪು ಮಾಡಬಾರದು. ಗೋಡೆಯ ತುಂಬ ವ್ಯಾನ್ ಗೋನ ಚಿತ್ರಗಳನ್ನು ಪ್ರೊಜೆಕ್ಟರಿನಲ್ಲಿ ಹರಿಯಬಿಡುವ ಪ್ರದರ್ಶನಗಳಿಗೆ ನಾನು ಅವಸರಪಡುವುದಿಲ್ಲ, ಏಕೆಂದರೆ ಅಲ್ಲಿ ಬೆಳಕಿಗೆ ಹೆದರುವ ವಸ್ತುವೇ ಇರುವುದಿಲ್ಲ.

ಹೊರಡುವ ಮುನ್ನ ಬಾಗಿಲ ಬಳಿಯ ಮೊದಲ ಚಿತ್ರಕ್ಕೆ ಹಿಂದಿರುಗಿದೆ. ಬಂದಾಗ ಬರಿಯ ಬೂದು ಹಾಳೆಯಂತಿದ್ದುದರಲ್ಲಿ ಈಗ ಓರೆಯಾಗಿ ಸುರಿಯುತ್ತಿದ್ದ ಮಳೆಯ ಎಳೆಗಳು ಕಂಡವು. ದೀಪದ ಬಗ್ಗೆ ಗೊಣಗಿದ್ದವರೂ ಅಲ್ಲಿಯೇ, ಕನ್ನಡಕ ತೆಗೆದು ಹಿಡಿದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು.