ಸೊಕ್ಕಲ್ಲ ಮಾಮಾ

ನಿನ್ನೆ ಕಲಬುರಗಿಯ ಸೇಡಂ ರೋಡ್ ಕಡೆ ಒಂದು ಲಗ್ನ. ಡಿಜೆ ಶುರುವಾದದ್ದೇ ತಡ, ತಮ್ಮ ಎದ್ದುಹೋಗಿ ನೀರಿನ ಡ್ರಮ್ಮುಗಳ ಹಿಂದೆ ನಿಂತ. ಒಂದು ಕೈ ಕಿವಿ ಮೇಲೆ. ಇನ್ನೊಂದು ಕೈ ಟವೆಲ್ ಅಂಚಿನ ದಾರ ಬೆರಳಿಗೆ ಸುತ್ತೋದು, ಬಿಚ್ಚೋದು.

"ಏನ್ ಸೊಕ್ಕವಾ ನಿಮ್ಮ ತಮ್ಮಗ, ಮಾರಿ ನೋಡಿ ಒಂದ್ ಮಾತಾಡಂಗಿಲ್ಲ" ಅಂದ್ರು ಮಾಮಾ. ಸೊಕ್ಕಲ್ಲ ಮಾಮಾ, ಆಟಿಸಂ, ಹುಟ್ಟಿನಿಂದಲೇ ಮಿದುಳು ಬೇರೆ ಥರ ಬೆಳೆದಿರೋದು ಅಂದೆ. "ಛೇ, ಡಿಗ್ರಿ ಓದ್ಲತ್ತಾನಲ್ಲ!" 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವಿಕಲತೆಗಳ ಪಟ್ಟಿಯಲ್ಲಿ ಅದಿದೆ, ನಮ್ಮ ಮಂದಿ ಲೆಕ್ಕದಲ್ಲಿ ಇನ್ನೂ ಇಲ್ಲ.

2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಯ್ತು. ಆಟಿಸಂ ಇರೋರು ಮಾತಾಡುವ ಕೆಲವೇ ಸೆಕೆಂಡಿನ ವಿಡಿಯೋ ನೋಡಿದವರಿಗೆ ಅವರ ಜೊತೆ ಬೆರೆಯೋ ಮನಸ್ಸು ಕಡಿಮೆ. ಅದೇ ಮಾತನ್ನು ಬರಹದಲ್ಲಿ ಕೊಟ್ಟಾಗ ಆ ಭೇದವೇ ಮಾಯ! ಮಾತಿನಲ್ಲಿ ಕೊರತೆ ಇರಲಿಲ್ಲ, ದನಿ, ಕಣ್ಣು, ನಿಲುವು ನೋಡಿ ತೀರ್ಪು ಆಗಿಹೋಗಿತ್ತು.

ತಮ್ಮನಿಗಿದು ಗೊತ್ತು. ಕಾಲೇಜಿನಲ್ಲಿ ಎದುರಿನವರ ಹುಬ್ಬು ನೋಡಿ ಮಾತಾಡೋದು ಕಲಿತಿದ್ದಾನೆ, ಎಲ್ಲರೂ ನಕ್ಕಾಗ ನಗ್ತಾನೆ. ಮನೆಗೆ ಬಂದು ಲೈಟ್ ಆರಿಸಿ ಮಲಗಿದರೆ ರಾತ್ರಿವರೆಗೂ ರೊಟ್ಟಿ ಮುಟ್ಟಲ್ಲ. ಹೀಗೆ ಮರೆಮಾಚಿ ಬದುಕೋದಕ್ಕೂ ಆತಂಕ, ಖಿನ್ನತೆಗೂ ನಂಟಿದೆ ಅಂತ ಡಾಕ್ಟರು ಹೇಳೋವರೆಗೆ ನಾವು ಪರೀಕ್ಷೆ ಭಯ ಅಂದ್ಕೊಂಡಿದ್ವಿ. ನಾನೂ ಬೈದಿದ್ದೀನಿ, ಸುಳ್ಳು ಯಾಕೆ.

ರಾತ್ರಿ ಆರಿದ ಹುಗ್ಗಿ ತಿನ್ನುತ್ತಾ ಅಂದ: "ಅಕ್ಕಾ, ಮಾಮಾ ಮೂರ್ ಸಲ ವಾಚ್ ನೋಡಿದ್ರು. ಅವರಿಗೂ ಸಾಕಾಗಿತ್ತು."