ಪೆನಿಸಿಲಿನ್ ತಂಡದಲ್ಲಿ ಯಾರ್ಯಾರಿದ್ರು?

ಪೆನಿಸಿಲಿನ್ ಅಂದ ತಕ್ಷಣ ನಮಗೆಲ್ಲ ಅದನ್ನ ಕಂಡುಹಿಡಿದ ಫ್ಲೆಮಿಂಗ್ ಒಬ್ಬರೇ ನೆನಪಾಗೋದು. ಅದನ್ನ ರೋಗಿಗೆ ಕೊಡೋ ಔಷಧಿಯಾಗಿ ಮಾಡಿದ್ದು ಮಾತ್ರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ. ಎಂಥೆಂಥವರಿದ್ರು ಅಲ್ಲಿ! ಮುಖ್ಯಸ್ಥ ಫ್ಲೋರಿ, ಆಸ್ಟ್ರೇಲಿಯಾದಲ್ಲಿ ಡಾಕ್ಟರಿಕೆ ಓದಿದ ರೋಗಶಾಸ್ತ್ರದ ಪ್ರೊಫೆಸರ್. ಚೈನ್, 1933ರಲ್ಲಿ ಹಿಟ್ಲರ್ ಬರ್ತಿದ್ದ ಹಾಗೇ ಜರ್ಮನಿ ಬಿಟ್ಟು ಬಂದ ಯಹೂದಿ ಜೀವರಸಾಯನ ವಿಜ್ಞಾನಿ. ಪಿಯಾನೋ ನುಡಿಸೋದನ್ನೇ ವೃತ್ತಿ ಮಾಡ್ಕೊಳ್ಳೋ ಯೋಚನೆಯೂ ಒಂದು ಕಾಲಕ್ಕೆ ಇತ್ತಂತೆ.

ನನಗಂತೂ ಹೀಟ್ಲಿ ಮೇಲೇ ಪ್ರೀತಿ. ಓದಿದ್ದು ಜೀವರಸಾಯನ, ಕೈ ಮಾತ್ರ ಪಕ್ಕಾ ಮೆಕ್ಯಾನಿಕ್‌ದು. ಯುದ್ಧದ ಕಾಲ, ಸಾಮಾನು ಸಿಗಲ್ಲ. ಆಸ್ಪತ್ರೆಯ ಬೆಡ್‌ಪ್ಯಾನ್, ಬಿಸ್ಕತ್ ಡಬ್ಬಗಳಲ್ಲೇ ಪೆನಿಸಿಲಿನ್ ಕೊಡೋ ಬೂಷ್ಟು ಬೆಳೆಸಿದ್ರು. ಬೆಡ್‌ಪ್ಯಾನೇ ಸರಿಹೋಯ್ತು ಅನ್ನಿಸಿ, ಹೆಚ್ಚುಕಮ್ಮಿ ಅದೇ ಆಕಾರದ ಪಿಂಗಾಣಿ ಪಾತ್ರೆಗಳನ್ನ ನೂರಾರು ಮಾಡಿಸಿದ್ರು. ಅವುಗಳನ್ನ ನೋಡಿಕೊಳ್ಳೋಕೆ ಸೇರಿಸಿಕೊಂಡ ಹುಡುಗಿಯರಿಗೆ ‘ಪೆನಿಸಿಲಿನ್ ಗರ್ಲ್ಸ್’ ಅಂತಲೇ ಹೆಸರು. (ಇವರನ್ನ ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ.)

1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಹೋಯ್ತು. ಹೀಟ್ಲಿಗೆ ಇಲ್ಲ. ಒಂದು ಬಹುಮಾನ ಮೂವರಿಗಿಂತ ಹೆಚ್ಚು ಜನಕ್ಕೆ ಹಂಚಲ್ಲ ಅನ್ನೋದು ಸರಿ, ಆದರೂ ಹೊಟ್ಟೆ ಉರಿಯುತ್ತೆ. ಕೊನೆಗೂ 1990ರಲ್ಲಿ ಆಕ್ಸ್‌ಫರ್ಡ್ ಅವರಿಗೆ ವೈದ್ಯಕೀಯದ ಗೌರವ ಡಾಕ್ಟರೇಟ್ ಕೊಡ್ತು. ಆಗ ಅವರಿಗೆ 79.