ಹಸು ಓಡಿಸುವ ಗಾಡಿ

ಅಮೆರಿಕದಿಂದ ಭಾವಮೈದುನ ಬಂದಿದ್ದಾನೆ, ಜೊತೆಗೆ ನಿಂಟೆಂಡೊ ಸ್ವಿಚ್ 2 ಎಂಬ ವಿಡಿಯೊ ಗೇಮ್ ಯಂತ್ರ ಕೂಡ. ‘ಮಾರಿಯೊ ಕಾರ್ಟ್ ವರ್ಲ್ಡ್’ ಎಂಬ ಗಾಡಿ ಪಂದ್ಯದ ಆಟ ಒಂದಕ್ಕೇ ಅಲ್ಲಿ 80 ಡಾಲರ್! ಒಮ್ಮೆಗೆ 24 ಗಾಡಿಗಳು ರಸ್ತೆಗಿಳಿಯುತ್ತವೆ. ಮುಂದಿದ್ದ ನನಗೆ ಗುರಿಯ ಹತ್ತಿರ, ಮೊದಲ ಸ್ಥಾನದವರನ್ನೇ ಹುಡುಕಿ ಹೊಡೆಯುವ ನೀಲಿ ಚಿಪ್ಪು ಬಡಿಯಿತು, ಸಾವರಿಸಿಕೊಳ್ಳುವಷ್ಟರಲ್ಲಿ ಹದಿನೇಳನೆಯವನಾಗಿದ್ದೆ. ಒಂದು ಪಂದ್ಯದಿಂದ ಇನ್ನೊಂದಕ್ಕೆ ಹೋಗುವ ಆ ಅಗಲವಾದ ನೇರ ರಸ್ತೆಗಳಿವೆಯಲ್ಲ, ಅಲ್ಲಿ ಆಕಳಿಕೆ ಬಿಟ್ಟರೆ ಬೇರೇನೂ ಬರುವುದಿಲ್ಲ.

ಇದಾದರೂ ಪರವಾಗಿಲ್ಲ. ‘ವೆಲ್‌ಕಮ್ ಟೂರ್’ ಎಂಬ ಇನ್ನೊಂದಿದೆ, ಯಂತ್ರದ ಪರಿಚಯ ಮಾಡಿಕೊಡುವ ಆಟ. ಅದಕ್ಕೆ ಪ್ರತ್ಯೇಕ 10 ಡಾಲರ್. ಮಿಕ್ಸಿ ಕೊಂಡವರಿಗೆ ಅದರ ಕೈಪಿಡಿಯನ್ನು ಬೇರೆಯಾಗಿ ಮಾರಿದ ಹಾಗೆ. ಮೇಲಾಗಿ ಅದರೊಳಗೆ ರಸಪ್ರಶ್ನೆ! ಶುಲ್ಕ ಕಟ್ಟಿ ಪರೀಕ್ಷೆ ಬರೆಯುವ ಕರ್ಮ ಕಾಲೇಜಿಗೇ ಮುಗಿಯಿತೆಂದುಕೊಂಡಿದ್ದೆ.

ಆದರೆ ಆ ಹಸು! ಹೌದು, ಕಾರ್ಟ್ ಆಟದಲ್ಲಿ ಹಸುವೂ ಒಬ್ಬ ಸವಾರಳು. ಗೊರಸಿನಲ್ಲಿ ಬೈಕ್ ಹಿಡಿದು ನನ್ನ ಪಕ್ಕದಲ್ಲೇ ಗಂಭೀರವಾಗಿ ಸಾಗಿತು. ಕಾಫಿ ತಂದ ಅತ್ತೆ ಲೋಟ ಕೈಯಲ್ಲೇ ಹಿಡಿದು ನಿಂತುಬಿಟ್ಟರು.

“ಪಾಪ, ಅದನ್ನು ಹಿಂದೆ ಹಾಕಬೇಡಿ ಅಳಿಯಂದಿರೇ.”

ಹಾಕುವ ಪ್ರಶ್ನೆಯೇ ಬರಲಿಲ್ಲ. ಹಸು ಮೂರನೆಯದಾಗಿ ಬಂತು, ಕಾಫಿ ಆರಿತ್ತು.